ಎಳ್ಳಿನಷ್ಟು ಹಳದಿ

ನಾಲಿಗೆಯ ಹಳದಿ ಹೋಗಿರಲಿಲ್ಲ. ಉಪ್ಪು ಹಾಕಿ ತಿಕ್ಕಿದ್ದೆ, ಬೇವಿನ ಕಡ್ಡಿ ಸೀಳಿ ಕೆರೆದಿದ್ದೆ. ಬಾಯಿ ತೆರೆದರೆ ಯಾರಿಗಾದರೂ ಕಂಡೀತೆಂದು ತುಟಿ ಬಿಗಿದೇ ನಗುತ್ತಿದ್ದೆ. ಮೊದಲೇ ನನಗೆ ಮಾತು ಕಡಿಮೆ, ಈಗ ಅದಕ್ಕೊಂದು ನೆಪವೂ ಸಿಕ್ಕಿತ್ತು. ಅವ್ವನ ನಾಲಿಗೆ ನನ್ನದಕ್ಕಿಂತ ಹಳದಿ. ಅವಳಿಗೆ ಅದರ ಚಿಂತೆ ಇರಲಿಲ್ಲ. ಅವಳ ಚಿಂತೆ ಹೊಟ್ಟೆಯದು.

"ಮತ್ತ ಚರಿಗಿ ಹಿಡದ್ಲು ನೋಡ," ಎಂದ ಪರಪ್ಪ ಸಾವಕಾರ, ಬಣ್ಣದ ಶೆಡ್ಡಿನ ಬಾಗಿಲಲ್ಲಿ ನಿಂತು. "ಏ ಗಾಳಿ, ದುಡ್ಯಾಕ ಬಂದೀಯೋ, ಗುಡ್ಡಕ್ಕ ಗೊಬ್ಬರ ಹಾಕಾಕ ಬಂದೀಯೋ?"

"ಹೊಟ್ಟಿ ಸುಮಾರ ಐತ್ರಿ ಯಪ್ಪಾ."

"ದಿನಾ ಸುಮಾರ ಇರತೈತಲ್ಲ ರಂಡೇದು. ಲಗೂ ಬಾ, ಇವತ್ತ ಮಂದಿ ಬರಾವ್ರದಾರ."

ಸಾವಕಾರನ ಹಿತ್ತಲಲ್ಲಿ ಪಾಯಖಾನೆ ಇತ್ತು, ಅದಕ್ಕೆ ಬೀಗ. ಅವ್ವ ಗಾಳೆವ್ವ ಸೆರಗು ಬಿಗಿದುಕೊಂಡು, ಗಾಳಿಯಂತ್ರಗಳ ಕೆಳಗಿನ ಜಾಲಿ ಕಂಟಿಯ ಕಡೆಗೆ ಬಾಗಿ ಬಾಗಿ ನಡೆದಳು.

ಸೀರೆಯ ನೂಲಿಗೆ ಹಾಕುವ ಹಳದಿ ಬಣ್ಣ ಬರುವುದು ಘಟ್ಟದಿಂದ. ಅಲ್ಲಿ ಗುರಗಿ ಮರದ ತೊಗಟೆ ಕೊಯ್ದು ಇಳಿಸಿದ ಅಂಟು ಒಣಗಿ ಉಂಡೆಯಾಗಿ ಬರುತ್ತದೆ. ಒಣಗಿದಾಗ ಎಲ್ಲ ಉಂಡೆಯೂ ಒಂದೇ, ಹಳೇ ಬೆಲ್ಲದ ಬಣ್ಣ. ಹಿಟ್ಟು ಬೆರೆಸಿದ್ದು ಯಾವುದು, ಅಸಲಿ ಯಾವುದು ಎಂದು ತಿಳಿಯಬೇಕಾದರೆ ನಾಲಿಗೆ ಹಚ್ಚಬೇಕು. ಅಸಲಿಯಾದರೆ ಎಂಜಲು ತಾಗಿದ ಜಾಗ ಹೊನ್ನಾವರಿಕೆ ಹೂವಿನಂತೆ ಭಗ್ಗನೆ ಹಳದಿಯಾಗುತ್ತದೆ. ನೀರು ಚಿಮುಕಿಸಿ ನೋಡೋಣವೆಂದರೆ ಸಾವಕಾರ ಒಪ್ಪುವುದಿಲ್ಲ. ನೀರಿಗೆ ಮಾಲು ಕರಗುತ್ತದಂತೆ. ಮಗ್ಗದ ಮನೆಯ ಹೆಂಗಸರು ಈ ಕೆಲಸ ಮುಟ್ಟಲಿಲ್ಲ. ಆಗ ನಮ್ಮ ಓಣಿಗೆ ಹೇಳಿ ಕಳಿಸಿದರು.

"ನಮ್ಮ ಎಂಜಲಾ ಉಟಗೊಂಡ ದೇವರ ಮುಂದ ಕುಂದರ್ತಾರವ್ವ," ಎಂದು ಅವ್ವ ನಗುತ್ತಿದ್ದಳು. "ಅವರ ಕೊಡಕ್ಕ ಮಾತ್ರ ನಾವು ಕೈ ಹಚ್ಚಬಾರದ."

ಬಿ.ಎ. ಮುಗಿಸಿ ಬಂದ ನನ್ನನ್ನೂ ಅವಳ ಪಕ್ಕ ಕೂರಿಸಿದ್ದರು. ಭೇದಿ ನನಗೂ ಶುರುವಾಗಿತ್ತು. ಬೋರಿನ ನೀರಿರಬೇಕೆಂದು ಕಾಯಿಸಿ ಕುಡಿದೆವು. ಖಾರ ಇರಬೇಕೆಂದು ಅವ್ವ ಹಸಿ ಮೆಣಸಿನ ಕೆಂಪಿಂಡಿ ಬಿಟ್ಟಳು. ಅದಿಲ್ಲದೆ ಒಂದು ತುತ್ತೂ ಎತ್ತದವಳು ಬೇಸಿಗೆಯಿಡೀ ಬರೀ ರೊಟ್ಟಿಯನ್ನು ನೀರಲ್ಲಿ ಅದ್ದಿ ತಿಂದಳು. ಆದರೂ ರವಿಕೆ ಹೆಗಲಿಂದ ಜಾರುವಷ್ಟು ಸೊರಗಿದಳು.

ಅವ್ವ ಇನ್ನೂ ಗುಡ್ಡದಿಂದ ಇಳಿದಿರಲಿಲ್ಲ. ಸಾವಕಾರನ ಹೆಂಡತಿ ವಿಜಯಲಕ್ಷ್ಮಿ ಹಿತ್ತಲ ಬಾಗಿಲಿಂದ ಬಂದು, ನನಗೆ ತಾಗದಂತೆ ದೂರದಿಂದ ಒಂದು ಚೂರು ಕಾಗದ ಎಸೆದಳು.

"ಉಮಾ, ಅದರಾಗ ಎಳ್ಳಿನಷ್ಟ ಹಳದಿ ಕೆರದ ಹಾಕಬೇ. ನಮ್ಮತ್ತಿಗಿ ಮಲ ಕಟ್ಟೇತಿ."

ನಾನು ಚಾಕುವಿನಿಂದ ಕೆರೆದೆ.

"ಅಯ್ಯ, ಅಷ್ಟ್ಯಾಕ ಹಾಕ್ತಿ? ತಗಿ, ತಗಿ. ಹೆಚ್ಚಾದ್ರ ಕರಳ ಕಿತ್ತ ಬರತೈತಿ, ಮುದುಕಿ ಸತ್ತ ಹೋಗ್ತಾಳಂತ ಇವರು ಹತ್ತ ಸಲ ಹೇಳ್ಯಾರ."

ನಾನು ನೆಲದ ಮೇಲಿಟ್ಟ ಕಾಗದ ಮಡಿಚಿಕೊಂಡು ಒಳಗೆ ಹೋದಳು. ನಾನು ಕೈಯಲ್ಲಿದ್ದ ಉಂಡೆ ನೋಡಿದೆ. ನಾನು ನೆಕ್ಕಿದ ಗುರುತು ಅದರ ಮೇಲೆ ಇನ್ನೂ ಹಸಿಯಾಗಿತ್ತು.

ಅಷ್ಟರಲ್ಲಿ ಅಂಗಳಕ್ಕೆ ಕಾರು ಬಂತು. ಸೀರೆ ಕೊಳ್ಳಲು ದೊಡ್ಡ ಊರಿಂದ ಬಂದ ಮೇಡಂ ಇಳಿದು, ಶೆಡ್ಡಿನ ತುಂಬ ತೂಗಿದ ಹಳದಿ ನೂಲು ಕಂಡು ಎದೆಯ ಮೇಲೆ ಕೈ ಇಟ್ಟುಕೊಂಡರು.

ಸಾವಕಾರ ನನ್ನ ಕಿವಿಯ ಹತ್ತಿರ ಬಾಗಿದ. "ಹೇಳಿಕೊಟ್ಟಿದ್ದು ನೆನಪೈತಲ್ಲ? ಕಾಲೇಜಿನ ಭಾಷಾದಾಗ ಹೇಳಬೇಕ. ತೊದಲಿದ್ರ ನಾಳಿಂದ ಅವ್ವಾ ಮಗಳು ಇಬ್ಬರೂ ಮನ್ಯಾಗ ಇರ್ರಿ."

ಹೇಳಿಕೊಟ್ಟದ್ದು ಇಷ್ಟೇ: 'ಇದು ಪ್ರಕೃತಿಯ ಬಣ್ಣ. ಇದರಲ್ಲಿ ವಿಷವಿಲ್ಲ. ನಮ್ಮ ತಾಯಂದಿರು ನಾಲಿಗೆಯ ಮೇಲಿಟ್ಟು ಪರೀಕ್ಷಿಸುತ್ತಾರೆ.'

ಅವ್ವ ಬಂದಳು. ಮುಖ ಬೂದಿಯಾಗಿತ್ತು. ನಾನು ಎದ್ದು ಅವಳ ಕೈ ಹಿಡಿಯುವುದರೊಳಗೆ ಸಾವಕಾರ ಅವಳನ್ನು ಉಂಡೆಗಳ ಬುಟ್ಟಿಯ ಮುಂದೆ ಕೂರಿಸಿದ. ಮೇಡಂ ವಿಡಿಯೋ ತೆಗೆಯಲು ಮೊಬೈಲು ಎತ್ತಿ ಹಿಡಿದರು.

"ಯಪ್ಪಾ, ಮತ್ತ ಬಂದೈತ್ರಿ," ಎಂದಳು ಅವ್ವ ಸಣ್ಣಗೆ, ಹೊಟ್ಟೆ ಒತ್ತಿ ಹಿಡಿದು.

"ತಡಕೊಬೇ. ಇಡಿಯೋ ಮುಗೀಲಿ." ಮೇಡಂ ಕಡೆ ತಿರುಗಿ ನಕ್ಕ. "ನಾಚ್ತಾಳ್ರಿ, ಹಳ್ಳಿ ಹೆಣ್ಮಗಳು."

"ಅಮ್ಮಾ, ನಾಲಿಗೆ ಪೂರ್ತಿ ಹೊರಗೆ ಬರಲಿ, ಚೆನ್ನಾಗಿ ಕಾಣುತ್ತೆ," ಎಂದರು ಮೇಡಂ.

ಅವ್ವ ಉಂಡೆ ಎತ್ತಿ ನೆಕ್ಕಿದಳು. ಹಳದಿ ಅರಳಿತು. "ಇನ್ನೊಂದು ಸಲ," ಎಂದರು ಮೇಡಂ. ಅವ್ವ ಮತ್ತೆ ನೆಕ್ಕಿದಳು. ಅವಳ ಕಣ್ಣು ಒಮ್ಮೆಲೇ ಅಗಲವಾದವು, ಆಮೇಲೆ ನೆಲಕ್ಕೆ ಇಳಿದವು. ಕೂತಲ್ಲೇ ಸೀರೆ ಒದ್ದೆಯಾಯಿತು. ಮೊಣಕಾಲು ಒಟ್ಟಿಗೆ ಒತ್ತಿಕೊಂಡು, ಯಾರಿಗೂ ಗೊತ್ತಾಗದಿರಲೆಂದು ಸೆರಗನ್ನು ಮಡಿಲ ತುಂಬ ಹರಡಿದಳು. ವಾಸನೆ ಬಂತು. ಮೇಡಂ ಮೊಬೈಲು ಇಳಿಸದೆ ಎರಡು ಹೆಜ್ಜೆ ಹಿಂದೆ ಸರಿದರು.

"ಥೂ, ಹೇಸಿ ಜಾತಿ," ಎಂದು ಹಲ್ಲಿನೊಳಗೇ ಅಂದ ಸಾವಕಾರ. ಮೊಬೈಲನ್ನು ನನ್ನ ಕಡೆ ತಿರುಗಿಸುವಂತೆ ಮೇಡಂಗೆ ಸನ್ನೆ ಮಾಡಿದ. "ಈಕಿ ಮಗಳ್ರಿ. ಬಿ.ಎ. ಆಗೇತಿ. ಎಲ್ಲಾ ಈಕಿ ಹೇಳ್ತಾಳ. ಹೇಳವಾ."

ಅವ್ವ ತಲೆ ಎತ್ತಿರಲಿಲ್ಲ. ಉಂಡೆ ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ಬಿಡಿಸಿಕೊಂಡೆ. ನಾಲಿಗೆ ಕಂಡರೆ ಕಾಣಲಿ ಎಂದು ಬಾಯಿ ತೆರೆದೆ.

"ಇದು ಭೇದಿ ಮದ್ದ್ರಿ. ಸಾವಕಾರ್ರ ಅವ್ವಗ ಎಳ್ಳಿನಷ್ಟ ಕೊಡ್ತಾರ, ಸತ್ತಗಿತ್ತಾಳಂತ ಅಂಜಿ. ನಮ್ಮವ್ವಗ ದಿನಾ ಬುಟ್ಟಿಗಟ್ಟಲೆ ನೆಕ್ಕಸ್ತಾರ."