ಸ್ವರ ಒಂದೂ ಬರಲಿಲ್ಲ

ನೊಣ ಸರಿಯಾಗಿ ಆ ಸೂಟಿನವನ ಮೂಗಿನ ಮೇಲೇ ಕೂತಿದೆ, ಟಿವಿಯೊಳಗೆ ಅವನು ನಗುತ್ತಾನೆ, ನೊಣ ಏಳುವುದಿಲ್ಲ, ಗುಡ್ಡದ ಮೇಲೆ ಸಂಗೀತೋತ್ಸವ, ರೇಷ್ಮೆ ಡೇರೆ, ಪರದೇಶದ ಗಾಯಕರು, ಹಲೋ ಸ್ವರಡೀ — ನಮ್ಮೂರನ್ನು ಸೊರಡಿ ಅನ್ನೋಕೂ ಬಾರದ ನಾಲಿಗೆ, ಅವನ ಗಂಟಲು ಮಾತ್ರ ನನಗೆ ಇನ್ನೂ ಬಾಯಿಪಾಠ, ಬೀರೂ, ಬಾಯಿ ಮುಚ್ಚಿ ನೋಡೋ, ಅವ್ವ ಗದರುತ್ತಾಳೆ, ಅಂದರೆ ನಾನು ಜೋರಾಗೇ ಅಂದೆನೇನು, ಇನ್ನು ಸ್ವಲ್ಪ ಹೊತ್ತಿಗೆ ತೆರೆಯ ಮೇಲೆ ನಾನೇ ಬರುತ್ತೇನೆ, ಈ ಚಿತ್ರದ ಜಾಹೀರಾತಿನಲ್ಲಿ ಬಂದಂತೆಯೇ, ನನ್ನ ಹೆಗಲ ಹಿಂದೆ ಮಸುಕಾಗಿ ಎತ್ತಿದ ಒಂದು ಕೈ, ಕೈಯಲ್ಲಿ ಕೋಲು, ಬೇಡ, ಅದು ಈಗ ಬೇಡ. ಅಪ್ಪ ಎಲ್ಲರಿಗಿಂತ ಮುಂದೆ ಕೂತಿದ್ದಾನೆ, ಹೊಸ ರುಮಾಲು, ಈ ಬಿಸಿಲಲ್ಲಿ ಹೆಗಲ ಮೇಲೆ ಕಂಬಳಿ, ತುಕಾರಾಮ ಕಾಕಾನನ್ನೂ ಕರೆಸಿದ್ದಾನೆ, ಯಾವಾಗ ಬರ್ತಿಯೋ ಅಮೋಗಸಿದ್ದ, ಕುರಿ ಬಿಟ್ಟ್ ಬಂದೀನಿ ನಾ, ಕಾಕಾನ ಗೊಣಗು, ತಡಿಯೋ ಮಾರಾಯ, ದೊಡ್ಡವರ ಪಾಳಿ ಕಡೀಕ ಇರ್ತೈತಿ, ಅಪ್ಪನ ಗತ್ತು.

ತೆರೆಯ ತುಂಬ ಮಳೆ, ಹೌದು, ಹೀಗೇ ಹೊಡೆದಿತ್ತು, ಡೇರೆ ಹರಿಯಿತು, ಜೊತೆಗೆ ಧೈರ್ಯವೂ, ಗಾಯಕರು ಬರಲೇ ಇಲ್ಲ, ಸೂಟಿನವನು ಬೆಳಗಾಗುವುದರೊಳಗೆ ಮಾಯ, ಟಿಕೆಟ್ ಕೊಂಡು ಬಂದಿದ್ದ ಪುಣೆಯ ಹುಡುಗ ಹುಡುಗಿಯರು ನಡುಗುತ್ತ ನಮ್ಮ ಕುರಿಹಟ್ಟಿಗೇ ಬಂದು ನಿಂತರು, ಅವ್ವ ಕಂಬಳಿ ಹೊದಿಸಿದಳು, ಚಹಾ ಕೊಟ್ಟಳು, ನೀಲಿ ಕೂದಲಿನ ಒಬ್ಬಳು ಅಳು ನಿಲ್ಲಿಸಲೇ ಇಲ್ಲ, ಆಗ ಅಪ್ಪ ಡೊಳ್ಳಿನ ತೊಗಲು ಒಲೆಗೆ ಹಿಡಿದು ಕಾಯಿಸಿದ, ಯಾರೂ ಕೇಳಿರಲಿಲ್ಲ, ಹಾಡ ಕೇಳಾಕ ಬಂದ ಮಂದಿ, ಬರಿಗಿವೀಲೆ ಹ್ಯಾಂಗ ಕಳಸೂದು ಅಂದ — ಬಾರಿಸಿದ ನೋಡು, ಹಸಿ ನೆಲ ನಡುಗಿತು, ಕುರಿ ಕಿವಿ ನಿಮಿರಿಸಿದವು, ಆ ಹುಡುಗಿ ಮೂಗೊರೆಸಿಕೊಂಡು ಕಂಬಳಿ ಸಮೇತ ಎದ್ದು ಕುಣಿದಳು, ಅಪ್ಪ ಅಷ್ಟು ಚಲೋ ಬಾರಿಸಿದ್ದನ್ನು ನಾನು ಹಿಂದೆಯೂ ಕೇಳಿಲ್ಲ, ಮುಂದೆಯೂ.

ಆಮೇಲೆ ಕ್ಯಾಮರಾದವರು ಬಂದರು, ಮೋಸದ ಕಥೆ ಹುಡುಕಿಕೊಂಡು, ಅಪ್ಪ ಡೊಳ್ಳು ಹಾಕಿಕೊಂಡು ನನ್ನ ಹಿಂದೆ ನಿಂತ, ನನಗ ಹಿಂದಿ ಬರಂಗಿಲ್ಲ, ನೀ ಹೇಳು, ನಾ ಬಾರ್ಸಿ ತೋರಸ್ತೀನಿ, ಅವರು ಕೇಳಿದ್ದು ಇಷ್ಟೇ, ಸಂಗೀತ ಏನಾದರೂ ಕೇಳಿಸಿತಾ, ನನಗೋ ಕ್ಯಾಮರಾ ಕಂಡರೆ ನಾಲಿಗೆ ತುರಿಕೆ, ಸೂಟಿನವನ ಗಂಟಲು ತಂದುಕೊಂಡು — ಅಗೋ, ಬಂತು, ತೆರೆ ತುಂಬ ನನ್ನದೇ ಹಲ್ಲು, ಸ್ವರ ಒಂದೂ ಬರಲಿಲ್ಲ, ಜ್ವರ ಮಾತ್ರ ಎಲ್ಲಾರ್ಗೂ ಬಂತು. ಕಾಕಾ ತೊಡೆ ತಟ್ಟುತ್ತಾನೆ, ಭಲೇ ಬೀರ್ಯಾ! ಅವರೂ ಹೀಗೇ ನಕ್ಕಿದ್ದರು, ನಮ್ಮ ಚಿತ್ರದ ಕೊನೆಯ ಮಾತು ಇದೇ ಅಂದರು, ಅಪ್ಪನ ಕೋಲು ಬೀಳುವ ಮೊದಲೇ ಕ್ಯಾಮರಾ ಆರಿಸಿ ವೈರು ಸುತ್ತಿದರು, ಮುಗೀತೇನೋ, ಅಪ್ಪ ಕೇಳಿದ್ದ, ಭಾಳ ಚಲೋ ಆತಪ್ಪಾ, ನಾನು ಅಂದಿದ್ದೆ, ಅಂದೇಬಿಟ್ಟಿದ್ದೆ.

ತೆರೆ ಕಪ್ಪಾಯಿತು. ಹೆಸರುಗಳು ಮೇಲೇರುತ್ತಿವೆ. ಕಾಕಾ ಚಪ್ಪಲಿ ಹುಡುಕುತ್ತಾನೆ, ಏ ಕುಂದ್ರೋ, ನಂದಿನ್ನಾ ಬರೂದೈತಿ, ಹೌದಿಲ್ಲೋ ಬೀರೂ, ಅವ್ವ ನನ್ನನ್ನೇ ನೋಡುತ್ತಾಳೆ, ಎಲ್ಲೋ ತಪ್ಪಿತು, ಹಿಂದಕ್ಕ ಒಯ್ಯೋ, ಅಪ್ಪ ಅನ್ನುತ್ತಾನೆ, ಒಯ್ಯುತ್ತೇನೆ, ಹೆಸರುಗಳು ಇಳಿಯುತ್ತವೆ, ನನ್ನ ಮುಖ, ನನ್ನ ಹಲ್ಲು, ತಡಿ ತಡಿ, ಅಲ್ಲೇ ನಿಂದರ್ಸು, ಅಪ್ಪ ಎದ್ದು ಹೋಗಿ ನೊಣ ಓಡಿಸಿ ಗಾಜಿನ ಮೇಲೆ ಬೆರಳಿಡುತ್ತಾನೆ, ಇದು ನನ್ನ ಕೈ, ಏ ತುಕಾರಾಮ, ನೋಡಿಲ್ಲಿ, ಈಗ ಬೀಳ್ತೈತಿ ನೋಡು ಪೆಟ್ಟು, ಬಿಡೋ ಬೀರೂ, ಮುಂದಕ್ಕ ಬಿಡು — ರಿಮೋಟು ನನ್ನ ಕೈಯಲ್ಲಿ, ಬಿಡಲಾರೆ, ಬಿಟ್ಟರೆ ಮುಗಿಯುತ್ತದೆ, ನನ್ನ ಹೆಗಲ ಹಿಂದೆ ಮಸುಕಾಗಿ ಆ ಕೈ, ಕೋಲು, ಎತ್ತಿದ್ದು ಎತ್ತಿದಂತೆ, ಎತ್ತಿದ ಕೈ