ಹಿಂದಿನಿಂದ ಬಂದ ಸ್ವರ

ಬಂಟ್ವಾಳದ ಇಗರ್ಜಿ ಮೈದಾನದಿಂದ ಹಿಂದಿರುಗಿದ ಮೇಲೆ ಸುಂದರಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಮೂಡಬಿದಿರೆಯ ಶಾಲೆಯಲ್ಲಿ ಪಾಠದ ಮಧ್ಯೆ ಕಿಟಕಿಯ ಹತ್ತಿರ ಹೋಗಿ ನಿಲ್ಲುವಳು. ಪುತ್ತಿಗೆಯ ಮನೆಗೆ ಬಂದರೆ ಮಡಚಿಟ್ಟ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚುವಳು.

ಮನೆಯಲ್ಲಿ ತಂಗಿ ಅನ್ನಪೂರ್ಣೆಯ ಮದುವೆಯ ಗಡಿಬಿಡಿ. ಹುಡುಗ ಬೆಳ್ತಂಗಡಿಯವನು, ಮೇಷ್ಟ್ರು. ತಂಗಿಯದು ಒಂದೇ ಹಟ: ಶೋಭಾನೆ ಅಕ್ಕನೇ ಹೇಳಬೇಕು. ಅಜ್ಜಿಯ ಆ ಹಾಡುಗಳೆಲ್ಲ ಬರುತ್ತಿದ್ದದ್ದು ಸುಂದರಿಗೊಬ್ಬಳಿಗೇ. ಆದರೆ ಅವಳ ಗಂಡ ಕೇಶವಪ್ರಸಾದ ತೀರಿಕೊಂಡು ಎರಡು ವರ್ಷ. ಶೋಭಾನೆ ಮುತ್ತೈದೆಯರ ಬಾಯಿಂದ ಬರಬೇಕಾದದ್ದು. ಅವಳಿಗೆ ಹಾಡಬೇಡ ಎಂದು ಯಾರೂ ಹೇಳಿರಲಿಲ್ಲ. ಹಾಡು ಎಂದೂ ಹೇಳಿರಲಿಲ್ಲ.

ಇಗರ್ಜಿ ಮೈದಾನದ ಕ್ರೈಸ್ತರ ಕಲೋತ್ಸವಕ್ಕೆ ಅವಳು ಹೋದದ್ದು ತೀರ್ಪು ಕೊಡಲು. ಮೈಸೂರಿನಲ್ಲಿ ಎಂ.ಎ. ಮಾಡುವಾಗ ಅವಳು ಹೆಂಗಸರ ಹಾಡುಗಳ ಬಗ್ಗೆ ಬರೆದಿದ್ದಳೆಂದು ಶಾಲೆಯ ಒಬ್ಬ ಟೀಚರಿಗೆ ಗೊತ್ತಿತ್ತು, ಅವರೇ ಕರೆಸಿದ್ದು. ನಾಟಕ, ರೂಪಕ, ಬ್ಯಾಂಡು ಎಲ್ಲ ಮುಗಿದು ಕೊನೆಗೆ ವೊವಿಯೊ ಸ್ಪರ್ಧೆ. ಮದುವೆಯ ಮುನ್ನಾದಿನ ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ ಹೇಳುವ ಕೊಂಕಣಿ ಹಾಡು ಅದು. ಒಬ್ಬಳು ಸಾಲು ಎತ್ತಬೇಕು, ಉಳಿದವರು ಹಿಡಿಯಬೇಕು. ಎತ್ತುವವಳಿಗೆ ಗಂಡ ಬದುಕಿರಬೇಕು.

ವಾಮದಪದವಿನ ತಂಡ ಬಂತು. ಮಣೆಯ ಮೇಲೆ ತಲೆ ತಗ್ಗಿಸಿದ ಮದುಮಗಳ ವೇಷ. ಮೈಕಿನ ಮುಂದೆ ಲಿಲ್ಲಿ ಎಂಬ ಹುಡುಗಿ, ಹೊಸದಾಗಿ ಮದುವೆಯಾದವಳು, ಮುಡಿ ತುಂಬ ಅಬ್ಬಲಿಗೆ. ಅವಳ ಬೆನ್ನಿಗೆ ಬೂದು ಸೀರೆಯ ಒಬ್ಬ ಹೆಂಗಸು. ಪ್ರತಿ ಸಾಲಿಗೂ ಲಿಲ್ಲಿ ತಲೆಯನ್ನು ತುಸು ಹಿಂದಕ್ಕೆ ವಾಲಿಸುವಳು. ಹಿಂದಿನವಳು ಮೆಲ್ಲಗೆ ಹೇಳಿಕೊಟ್ಟ ಮೇಲೆಯೇ ಅವಳ ಬಾಯಿ ತೆರೆಯುವುದು. ಮೈಕಿಗೆ ಈ ಮರ್ಯಾದೆಯೆಲ್ಲ ಗೊತ್ತಿರಲಿಲ್ಲ. ಹಿಂದಿನ ಸ್ವರವನ್ನೂ ಹಿಡಿದು ಮೈದಾನಕ್ಕೆಲ್ಲ ಕೇಳಿಸಿತು. ಆ ಸ್ವರಕ್ಕೇ ಸುಂದರಿ ಮೊದಲ ಬಹುಮಾನ ಕೊಟ್ಟಳು. ಬಹುಮಾನದ ಕಪ್ ಲಿಲ್ಲಿಯ ಕೈಗೆ ಹೋಯಿತು.

ಕಾಫಿ ಕೊಡುವಲ್ಲಿ ಬೂದು ಸೀರೆಯವಳನ್ನು ಹುಡುಕಿ ಮಾತಾಡಿಸಿದಳು. ಸೆರಾಫಿನಾ ಬಾಯಿ ಎಂದು ಹೆಸರು.

"ನೀವೇ ಮುಂದೆ ನಿಲ್ಲಬಹುದಿತ್ತಲ್ಲ?"

"ಅಯ್ಯೋ ಟೀಚರೇ, ನಮ್ಮವರು ಹೋಗಿ ಎಷ್ಟೋ ಸಮಯ ಆಯ್ತು."

"ಆದರೆ ಇಲ್ಲಿ ಮದುವೆ ಎಲ್ಲಿ ಉಂಟು?"

ಸೆರಾಫಿನಾ ಬಾಯಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಹೌದಲ್ಲ! ಮಣೆಯಲ್ಲಿ ಕೂತದ್ದು ನಮ್ಮ ಪೇತ್ರು. ಮೀಸೆ ಬೋಳಿಸಿ ಸೀರೆ ಉಡಿಸಿದ್ದು. ಅವನಿಗೆ ಮಕ್ಕಳೇ ಶಾಲೆಗೆ ಹೋಗ್ತಾರೆ. ಇನ್ನು ಅವನಿಗೆ ಎಂತ ಅಪಶಕುನ ಮಾರಾಯ್ತಿ!"

ನಗು ನಿಂತ ಮೇಲೆ ಖಾಲಿ ಲೋಟ ತಿರುಗಿಸುತ್ತ ಹೇಳಿದಳು: "ಯಾರೂ ಬೇಡ ಅನ್ನಲಿಲ್ಲ. ಕಾಲೇ ಮುಂದೆ ಹೋಗಲಿಲ್ಲ."

ಆ ಮಾತು ಬಸ್ಸಿನಲ್ಲಿ ಸುಂದರಿಯ ಜೊತೆಗೇ ಬಂತು. ಮನೆಯಲ್ಲೂ ಬಿಡಲಿಲ್ಲ.

ಗುರುವಾರ ಮಧ್ಯಾಹ್ನ ಮದುವೆಯ ಹಪ್ಪಳ ಲಟ್ಟಿಸಲು ನೆರೆಯ ಹೆಂಗಸರು ಚಾವಡಿಯಲ್ಲಿ ಸೇರಿದ್ದರು. ಅಮ್ಮ ಒಂದು ಉಪಾಯ ಹುಡುಕಿದ್ದಳು.

"ದೇವಕಿ ಅತ್ತಿಗೆ ಎದುರು ಕೂತುಕೊಳ್ಳಲಿ. ನೀನು ಬಾಗಿಲ ಹಿಂದಿನಿಂದ ಹೇಳಿಕೊಡು. ಗಂಡಿನ ಕಡೆಯವರಿಗೆ ಹೇಗೂ ಕಾಣುವುದಿಲ್ಲ. ಈಗಲೇ ಒಮ್ಮೆ ಹೇಳಿ ನೋಡುವ."

"ನನ್ನದು ಕಾಗೆ ಸ್ವರ," ಎಂದಳು ಸುಂದರಿಯ ಸೋದರತ್ತೆ ದೇವಕಿ. "ಆದರೆ ಗಂಡ ಗಟ್ಟಿ ಇದ್ದಾರೆ. ಅದಕ್ಕೇ ನನ್ನನ್ನು ಆರಿಸಿದ್ದು."

ಎಲ್ಲರೂ ನಕ್ಕರು. ಸುಂದರಿ ಬಾಗಿಲ ಹಿಂದೆ ಹೋಗಿ ನಿಂತಳು. ಮೊದಲ ಸಾಲು ಹೇಳಿಕೊಟ್ಟಳು, ಅತ್ತೆ ಹಾಡಿದಳು. ಎರಡನೆಯ ಸಾಲಿಗೆ ಅತ್ತೆ ತಲೆಯನ್ನು ತುಸು ಹಿಂದಕ್ಕೆ ವಾಲಿಸಿದಳು, ಥೇಟು ಲಿಲ್ಲಿಯ ಹಾಗೆ.

ಸುಂದರಿಯ ನಾಲಗೆಗೆ ಬಂದ ಸಾಲು ಅಲ್ಲೇ ನಿಂತಿತು.

ಅತ್ತೆ ಕಾದಳು. ಲಟ್ಟಣಿಗೆಗಳ ಸದ್ದು ಒಂದೊಂದಾಗಿ ನಿಂತಿತು.

"ಮರೆತು ಹೋಯ್ತಾ?" ಅಮ್ಮ ಕೇಳಿದಳು.

"ಇಲ್ಲ, ನೆನಪುಂಟು. ಹಿಂದಿನಿಂದ ಹೇಳುವುದಿಲ್ಲ."

"ಹಾಗಾದರೆ ಹಾಡೇ ಬೇಡ, ಬಿಡು."

"ನನಗೆ ಬೇಕು," ಎಂದಳು ಅನ್ನಪೂರ್ಣೆ, ಕೈಗೆ ಹತ್ತಿದ ಹಿಟ್ಟನ್ನು ಕೊಡವುತ್ತ. "ಅಕ್ಕ ಎದುರು ಕೂತು ಹೇಳಲಿ. ಮದುವೆ ನನ್ನದಲ್ಲವಾ?"

"ನಿನ್ನದು ಅಂತಲೇ ನನಗೆ ಹೆದರಿಕೆ," ಎಂದಳು ಅಮ್ಮ. "ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ?"

ಆ ಹೆದರಿಕೆ ಸುಂದರಿಗೂ ಇತ್ತು. ತಂಗಿಯ ಹಟಕ್ಕೆ ಅವಳು ಇಷ್ಟು ದಿನ ಹೂಂ ಅನ್ನದೆ ಉಳಿದದ್ದು ಅದಕ್ಕೇ.

"ನನ್ನ ಮದುವೆಯಲ್ಲಿ ಹಾಡಿದವರೆಲ್ಲ ಮುತ್ತೈದೆಯರೇ ಅಲ್ಲವಾ ಅಮ್ಮ?" ಎಂದು ಕೇಳಿದಳು. ಸ್ವರ ಏರಿರಲಿಲ್ಲ.

ದೇವಕಿ ಅತ್ತೆ ಕೂತಲ್ಲೇ ಬದಿಗೆ ಸರಿದು, ಖಾಲಿಯಾದ ಚಾಪೆಯ ಮೇಲೆ ಬಿದ್ದಿದ್ದ ಹಿಟ್ಟನ್ನು ಸೆರಗಿನಿಂದ ಒರೆಸಿದಳು.

ಸುಂದರಿಯ ಕಾಲು ತಕ್ಷಣ ಏಳಲಿಲ್ಲ. ಬಾಗಿಲ ದಾರಂದ ಹಿಡಿದು ನಿಂತಳು. ಆಮೇಲೆ ಹೊಸ್ತಿಲು ದಾಟಿ ಬಂದು ಕೂತು, ಎರಡನೆಯ ಸಾಲು ಎತ್ತಿದಳು. ಎರಡು ವರ್ಷ ಹಾಡದೆ ಉಳಿದ ಸ್ವರ, ನಡುವೆ ಒಡೆಯಿತು. ಹೆಂಗಸರು ಒಬ್ಬೊಬ್ಬರಾಗಿ ಹಿಡಿದರು.

ಅಮ್ಮ ಸೇರಲಿಲ್ಲ, ಎದ್ದೂ ಹೋಗಲಿಲ್ಲ. ಕೈಯಲ್ಲಿದ್ದ ಒಂದೇ ಹಪ್ಪಳವನ್ನು ಇನ್ನೇನು ಹರಿಯುತ್ತದೆ ಎನ್ನುವಷ್ಟು ತೆಳ್ಳಗೆ ಲಟ್ಟಿಸುತ್ತ ಕೂತಿದ್ದಳು.