ನೀರು ಕುಡಿಯುವ ಬ್ಯಾಟರಿ

"ಗ್ವಾಡಿಗಿ ಹಚ್ಚಿ ಮರತ ಬಿಡ್ರಿ ಕಾಕಾ. ಹತ್ತ ವರ್ಷ ಇದರ ಕಡೆ ಹೊಳ್ಳಿ ನೋಡೂ ಕೆಲಸ ಇಲ್ಲ," ಎಂದು ಅಂಗಡಿಯ ಅಮೀರ ಲಿಥಿಯಂ ಬ್ಯಾಟರಿಯನ್ನು ಮೆಲ್ಲಗೆ ತಟ್ಟಿದ.

ಮರೆತುಬಿಡಿ ಅಂತ ಹೇಳಿದ್ದಾದರೂ ಯಾರಿಗೆ? ಮಾಯಪ್ಪನಿಗೆ! ಅಂಗಳದಲ್ಲಿ ಒಂದು ಮೊಳೆ ಬಿದ್ದಿದ್ದರೂ ಎತ್ತಿ, ಒರೆಸಿ, ಜೇಬಿಗೆ ಹಾಕಿಕೊಳ್ಳುವ ಮನುಷ್ಯ ಅವನು. ಪ್ಲಾಸ್ಟಿಕ್ ಕುರ್ಚಿಯ ತುದಿಗೆ ಕೂತಿದ್ದವನ ಮುಖ ಇಳಿದದ್ದು ಅಮೀರನಿಗೆ ಕಾಣಲಿಲ್ಲ, ಲೆಕ್ಕದಲ್ಲಿ ಮುಳುಗಿದ್ದ ಸೊಸೆ ಸೀಮಾಳಿಗೂ ಕಾಣಲಿಲ್ಲ. ಹೆಂಡತಿ ಅಕ್ಕವ್ವನಿಗೆ ಮಾತ್ರ ಕಂಡಿತು. ದೀಪಾವಳಿಗೆ ಮುಂಚೆ ಎತ್ತುಗಳನ್ನು ಐನಾಪುರದವರ ಗಾಡಿಗೆ ಹತ್ತಿಸಿದ ದಿನವೂ ಅವನು ಹೀಗೇ ಮುಖ ಮಾಡಿಕೊಂಡಿದ್ದ.

ಭೋಜ ಊರಿನ ಹೊರಗೆ, ಹಳ್ಳದ ಆಚೆ ಇವರ ತೋಟದ ಮನೆ. ಕರೆಂಟಿನ ಕಂಬಗಳು ಹಳ್ಳದ ಈಚೆ ದಂಡೆಯವರೆಗೆ ಬಂದವು, ಅಲ್ಲೇ ನಿಂತುಬಿಟ್ಟವು. ಇನ್ನು ಅವುಗಳ ದಾರಿ ಕಾಯುವುದು ಸಾಕು, ಸೂರ್ಯನೇ ಇದ್ದಾನಲ್ಲ ಎಂದವಳು ಸೀಮಾ. ಅವಳ ಗಂಡ ಮಲ್ಲೇಶನಿಗೆ ಸಕ್ಕರೆ ಕಾರ್ಖಾನೆಯ ಪಾಳಿ. ಅವನು ಎಲ್ಲವನ್ನೂ ಹೆಂಡತಿಗೆ ಬಿಟ್ಟಿದ್ದ. ಎಷ್ಟು ಬಲ್ಬು, ಎಷ್ಟು ಫ್ಯಾನು, ಮಿಕ್ಸರ್ ಎಷ್ಟು ಎಳೆಯುತ್ತದೆ, ತನ್ನ ಹೊಲಿಗೆ ಮಷೀನು ಎಷ್ಟು ಎಳೆಯುತ್ತದೆ ಎಲ್ಲಾ ಅವಳಿಗೆ ಬಾಯಿಪಾಠ. ಮಾಳಿಗೆಯ ಮೇಲೆ ಸೋಲಾರ್ ಫಲಕಗಳು ಆಗಲೇ ಕೂತಿದ್ದವು. ಬ್ಯಾಟರಿಯೊಂದು ಉಳಿದಿತ್ತು. ಅದನ್ನೂ ಅವಳು ಫೋನಿನಲ್ಲೇ ಗೊತ್ತು ಮಾಡಿದ್ದಳು. ಲಿಥಿಯಂ ಹಗುರ, ಬೇಗ ತುಂಬುತ್ತದೆ, ನೀರು ಗೀರು ಕೇಳುವುದಿಲ್ಲ. ಅವಳ ತವರಿನಲ್ಲಿ ಒಂದು ಬ್ಯಾಟರಿ ಇತ್ತು. ನೀರನ್ನು ಅವರು ಹಾಕುತ್ತಾರೆಂದು ಇವರು, ಇವರು ಹಾಕುತ್ತಾರೆಂದು ಅವರು ಸುಮ್ಮನಿದ್ದು ಅದು ಒಣಗಿ ಹಾಳಾಗಿತ್ತು. ಆ ಗೋಳು ಇಲ್ಲಿ ಬೇಡ ಎನ್ನುವುದು ಅವಳ ಹಟ, ಅದರಲ್ಲಿ ತಪ್ಪೇನೂ ಇರಲಿಲ್ಲ.

ಆದರೆ ಅಕ್ಕವ್ವನ ಚಿಂತೆಯೇ ಬೇರೆ. ಮೊಣಕಾಲು ನೋವು ಅಂತ, ಟ್ರ್ಯಾಕ್ಟರ್ ಬಂತಲ್ಲ ಅಂತ, ಎಲ್ಲರೂ ಹೇಳಿ ಹೇಳಿ ಮಾಯಪ್ಪ ಎತ್ತು ಮಾರಿದ್ದ. ಕೊಟ್ಟ ಮೇಲೂ ಹೊತ್ತು ಮೂಡುವ ಮುಂಚೆ ಎದ್ದು ಬರಿದಾದ ಕೊಟ್ಟಿಗೆ ಗುಡಿಸುತ್ತಿದ್ದ. ಸಗಣಿ ಇಲ್ಲ, ಹೊಟ್ಟು ಇಲ್ಲ, ಏನು ಗುಡಿಸುತ್ತಾನೋ ದೇವರೇ ಬಲ್ಲ. ಗುಡಿಸಿ ಬಂದು ಕಟ್ಟೆಯ ಮೇಲೆ ಕೂತರೆ ಮಧ್ಯಾಹ್ನದವರೆಗೆ ಮಾತಿಲ್ಲ. ಎತ್ತು ಇದ್ದಾಗ ನೀರು ಕುಡಿಸುತ್ತ ಸಣ್ಣಗೆ ಸಿಳ್ಳೆ ಹಾಕುತ್ತಿದ್ದ. ಸಿಳ್ಳೆ ಹಾಕಿದರೆ ಎತ್ತು ಹೊಟ್ಟೆ ತುಂಬ ಕುಡಿಯುತ್ತವೆ ಎಂದು ಆ ಕಡೆಯ ನಂಬಿಕೆ. ಮದುವೆಯಾಗಿ ಬಂದಾಗಿನಿಂದ ಆ ಸಿಳ್ಳೆ ಕೇಳಿಯೇ ಅಕ್ಕವ್ವನ ಬೆಳಗು ಆಗುತ್ತಿತ್ತು. ಈಗ ಅದಿಲ್ಲದೆ ಅವಳಿಗೆ ಮನೆಯೇ ಭಣಭಣ ಎನ್ನಿಸುತ್ತಿತ್ತು. ಗಂಡ ಒಳಗೊಳಗೇ ಒಣಗುತ್ತಿದ್ದಾನೆ ಎಂದು ಹೆದರಿಕೆ, ಯಾರ ಮುಂದೆ ಹೇಳುವುದು?

ಮಾಯಪ್ಪ ಮೂಲೆಯಲ್ಲಿ ಸಾಲಾಗಿ ನಿಂತಿದ್ದ ದೊಡ್ಡ ಕರಿ ಬ್ಯಾಟರಿಗಳ ಕಡೆ ಕೈ ಮಾಡಿ, ಅವು ಏನು ಎಂದು ಕೇಳಿದ.

"ಅವು ಹಳೇ ನಮೂನಿ ಕಾಕಾ, ಟ್ಯೂಬ್ಯುಲರ್. ತೂಕಾ ಭಾಳ. ಆಗಾಗ ನೀರ ಕೇಳ್ತಾವ."

"ನೀರ ಕೇಳ್ತಾವ?"

ಮಾಯಪ್ಪ ಕುರ್ಚಿ ಬಿಟ್ಟು ಎದ್ದೇಬಿಟ್ಟ. ಅಮೀರನೂ ಒಳ್ಳೆಯ ಮನುಷ್ಯ, ಬೇಸರಿಸದೆ ಎಲ್ಲ ತೋರಿಸಿದ. ಒಂದೊಂದಕ್ಕೂ ಆರು ಮುಚ್ಚಳ, ಪ್ರತಿ ಮುಚ್ಚಳಕ್ಕೂ ತೇಲುವ ಕಡ್ಡಿ; ನೀರು ಇಳಿದರೆ ಕಡ್ಡಿ ಇಳಿಯುತ್ತದೆ, ಹಾಕಿದರೆ ಏಳುತ್ತದೆ. ಬಾವಿ ನೀರು ಮಾತ್ರ ಹಾಕಬಾರದು, ಇದಕ್ಕೆಂದೇ ಕ್ಯಾನಿನಲ್ಲಿ ಬರುವ ಬ್ಯಾಟರಿ ನೀರೇ ಆಗಬೇಕು ಎಂದ.

"ನಮ್ಮ ಕರಿಯಾನೂ ಹಂಗ ಇದ್ದ," ಎಂದ ಮಾಯಪ್ಪ. "ಕಾಲುವಿ ನೀರ ಮೂಸತಿದ್ದಿಲ್ಲ."

ಎತ್ತು ಹೋದ ಮೇಲೆ ಆ ಹೆಸರು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು. ಅಕ್ಕವ್ವ ತಟ್ಟನೆ ಗಂಡನ ಕಡೆ ತಿರುಗಿದಳು. ಅಷ್ಟರಲ್ಲಿ ಸೀಮಾ ಲಿಥಿಯಂ ಪಕ್ಕಾ ಮಾಡಿ ಎಂದು ಅಮೀರನಿಗೆ ಹೇಳಿಯೂ ಆಗಿತ್ತು. ಸೊಸೆಯ ಮಾತನ್ನು ಪರರ ಅಂಗಡಿಯಲ್ಲಿ ಮುರಿಯುವುದೇ? ಅದೂ ಇಷ್ಟೆಲ್ಲ ಓಡಾಡಿದವಳ ಮಾತನ್ನು? ಅಕ್ಕವ್ವ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ಅದ ಬ್ಯಾಡ್ರಿ," ಎಂದಳು. "ನೀರ ಕುಡಿಯೂದ ಕೊಡ್ರಿ."

ಸೀಮಾ ಗಕ್ಕನೆ ತಿರುಗಿದಳು. "ಅತ್ತಿ, ನೀರ ಹಾಕೂದ ಮರತ್ರ ಕೆಟ್ಟ ಹೋಗ್ತಾವ. ಯಾರ ನೋಡಾವ್ರು?"

"ಮರಿಯಾಕ ನೀನು ನಾನು ಅದೀವಿ. ನಿಮ್ಮ ಮಾಮಾ ಮರಿಯೂದಿಲ್ಲ."

ಸೀಮಾ ಬಾಯಿ ತೆರೆದವಳು ಮಾವನ ಕಡೆ ನೋಡಿದಳು. ಮಾಯಪ್ಪ ಬ್ಯಾಟರಿಗಳ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಗಲ ಟವೆಲಿನಿಂದ ಅವುಗಳ ಧೂಳು ಒರೆಸುತ್ತಿದ್ದ. ಮೊಣಕಾಲಿನ ನೋವು ಎಲ್ಲಿ ಹೋಗಿತ್ತೋ. ದಿನಾ ಬೆಳಗ್ಗೆ ಬರಿ ಕೊಟ್ಟಿಗೆ ಗುಡಿಸುವುದನ್ನು ಅವಳೂ ಕಂಡವಳೇ. ಮೊಬೈಲಿನಲ್ಲಿ ಮತ್ತೆ ಲೆಕ್ಕ ಹಾಕಿದಳು. ಇವುಗಳ ಚಾರ್ಜನ್ನು ಅರ್ಧಕ್ಕಿಂತ ಹೆಚ್ಚು ಬರಿದು ಮಾಡುವಂತಿಲ್ಲ, ಆದ್ದರಿಂದ ಎರಡು ಸಾಲವು, ನಾಲ್ಕು ಬೇಕು ಎಂದಳು.

"ಗಾಳಿ ಆಡೂ ಜಾಗಾ ಬೇಕ್ರಿ ಮತ್ತ," ಎಂದ ಅಮೀರ. "ಮಲಗೂ ಖೋಲ್ಯಾಗ ಇಡಾಕ ಬರೂದಿಲ್ಲ."

"ಜಾಗಾ ಐತಿ," ಎಂದ ಮಾಯಪ್ಪ.

"ಹೆಚ್ಚ ಕುಡಿಸಬ್ಯಾಡ್ರಿ ಮಾಮಾ, ಆ್ಯಸಿಡ್ ಉಕ್ಕತೈತಿ," ಎಂದು ಸೀಮಾ ನಕ್ಕಳು. ಅಕ್ಕವ್ವನ ಕೈಯಲ್ಲಿದ್ದ ಸೆರಗು ಆಗ ಸಡಿಲಾಯಿತು.

ಕೊಟ್ಟಿಗೆಯಲ್ಲಿ, ಎತ್ತುಗಳಿಗೆ ಮೇವು ಹಾಕುತ್ತಿದ್ದ ಗೋದಲಿಯ ಪಕ್ಕದಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಾಲ್ಕೂ ಬ್ಯಾಟರಿ ಕೂತವು. ಮನೆಗೆ ಬೆಳಕು ಬಂತು, ಸೀಮಾಳ ಹೊಲಿಗೆ ಮಷೀನು ಸಂಜೆಯೂ ತಿರುಗತೊಡಗಿತು. ಮಾಯಪ್ಪ ದಿನಾ ಬೆಳಗ್ಗೆ ಹೋಗಿ ಕಡ್ಡಿ ನೋಡುವನು, ಒರೆಸುವನು, ಬರುವನು. ಕಡ್ಡಿ ಇಳಿದರೆ ತಾನೇ? ಅಮೀರ ತಿಂಗಳುಗಟ್ಟಲೆ ಬೇಕಾಗುವುದಿಲ್ಲ ಎಂದು ಹೇಳಿಯೇ ಕಳಿಸಿದ್ದ. "ಇನ್ನೂ ನೀರಡಿಕಿ ಆಗಿಲ್ಲ ಅವಕ್ಕ," ಎಂದು ಹೆಂಡತಿಗೆ ಬಂದು ವರದಿ ಒಪ್ಪಿಸುತ್ತಿದ್ದ. ಮಾತಾದರೂ ಆಡುತ್ತಾನಲ್ಲ ಎಂದು ಅಕ್ಕವ್ವನಿಗೆ ಅಷ್ಟೇ ಸಮಾಧಾನ.

ಬೇಸಿಗೆಯ ಬಿಸಿಲು ಜೋರಾದ ಮೇಲೆ ಒಂದು ಬೆಳಗ್ಗೆ ಅಕ್ಕವ್ವ ರೊಟ್ಟಿ ಬಡಿಯುತ್ತಿದ್ದಳು. ಗೋಡೆಯ ಮಾಡದಲ್ಲಿ ಇಟ್ಟಿದ್ದ ಬ್ಯಾಟರಿ ನೀರಿನ ಕ್ಯಾನು ಕಾಣಲಿಲ್ಲ. ಎಲ್ಲಿ ಹೋಯಿತು ಎಂದು ಅವಳು ತಲೆ ಎತ್ತುವಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಸಣ್ಣಗೆ ಸಿಳ್ಳೆ ಕೇಳಿತು.

ಬಡಿಯುವ ಕೈ ನಿಂತಿತು. ಸಿಳ್ಳೆಯೂ ಒಂದು ಗಳಿಗೆ ನಿಂತಿತು. ಮುಂದಿನ ಬ್ಯಾಟರಿಯ ಹತ್ತಿರ ಹೋಗಿರಬೇಕು. ಮತ್ತೆ ಶುರುವಾಯಿತು, ಅದೇ ಹಳೆಯ ಉದ್ದನೆಯ ಎಳೆ. ಬಾಗಿಲಲ್ಲಿ ನಿಂತಿದ್ದ ಸೀಮಾ ಸದ್ದಾಗದಂತೆ ಒಳಗೆ ಬಂದು, ಹಂಚಿನ ಮೇಲೆ ಸೀಯುತ್ತಿದ್ದ ರೊಟ್ಟಿಯನ್ನು ತಾನೇ ಮಗುಚಿದಳು.